ಹದಿನಾರು ವಾರದ ಸಹಿ

ಕೊಟ್ಟೂರಿನ ಬಸ್ಸಿಳಿದು ಹೈಸ್ಕೂಲಿನ ಗೇಟು ದಾಟುವಷ್ಟರಲ್ಲಿ ಸಮತಾಳ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತ್ತು. ಕೈಯಲ್ಲಿದ್ದುದು ಒಂದೇ ಹಾಳೆ. ಬಿ.ಎಡ್. ವಿದ್ಯಾರ್ಥಿನಿ ಸಮತಾ ಈ ಶಾಲೆಯಲ್ಲಿ ಹದಿನಾರು ವಾರ ವಿಜ್ಞಾನ ಬೋಧಿಸಿದ್ದಾಳೆ ಎಂದು ಅದರಲ್ಲಿ ಅಚ್ಚಾಗಿತ್ತು. ಆದರೆ ಅವಳು ಈ ಶಾಲೆಯ ಮುಖ ಕಂಡದ್ದೇ ಅಂದು. ಬಾರದವರಿಗೂ ಹಾಜರಾತಿ ಕೊಡುವ ಪುಣ್ಯಾತ್ಮರ ಕಾಲೇಜು ಅವಳದು. ಆ ಹದಿನಾರು ವಾರವೂ ಅವಳು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದಳು.

"ಎಲ್ಲಾರೂ ಹಿಂಗ ಮಾಡ್ಯಾರ, ಹೆದರಬ್ಯಾಡ," ಎಂದ ಜೊತೆಗೆ ಬಂದಿದ್ದ ಅಣ್ಣ ಭೀಮರಾಜ. ಅವನು ಬಸ್ ಕಂಡಕ್ಟರ್. "ಪರೀಕ್ಷಿ ಫಾರ್ಮಿಗೆ ಈ ವಾರನ ಕಡೀ. ಸಹಿ ಆಗಲಿಲ್ಲಂದ್ರ ಒಂದು ವರ್ಷ ಹೋತು. ಮೇಷ್ಟ್ರಾಗಾಕ ಬರಿಯೋ ಟಿಇಟಿ ಪರೀಕ್ಷಿನೂ ಹೋತು."

ಹೆಡ್‌ಮಾಸ್ಟರ್ ಕರಿಸಿದ್ದಪ್ಪ ಒಳ್ಳೆಯವರು. ಯಾರಿಗೂ ಇಲ್ಲ ಎನ್ನಲಾರದ ಒಳ್ಳೆಯತನ ಅವರದು. "ಕೂಡ್ರಿ, ಮಾಡಿಕೊಡ್ತೀನಿ. ಸೀಲು ಹುಡುಕಬೇಕು. ಸೈನ್ಸ್ ಮೇಷ್ಟ್ರು ಇವತ್ತೊಂದಿನ ಟ್ರೈನಿಂಗಿಗೆ ಹೋಗ್ಯಾರ, ಹತ್ತನೇ ಕ್ಲಾಸು ಗದ್ದಲ ಹಾಕೈತಿ. ಅಷ್ಟರಾಗ ಒಂದು ಪಿರಿಯಡ್ ನೋಡ್ಕೊಳ್ರಿ. ಹೆಂಗೂ ಹದಿನಾರು ವಾರ ಪಾಠ ಮಾಡಿದೋರು!" ಎಂದು ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವರ ಹಾಗೆ ಸಮತಾ ತಟ್ಟನೆ ಎದ್ದಳು.

ತರಗತಿಯಲ್ಲಿ ಅಷ್ಟೂ ಕಣ್ಣು ಒಟ್ಟಿಗೇ ಅವಳತ್ತ ತಿರುಗಿದವು. ಮುಂದಿನ ಬೆಂಚಿನಿಂದ ಗಾದೆಮ್ಮ ಎಂಬ ಹುಡುಗಿ ಎದ್ದು ನಿಂತಳು.

"ಮಿಸ್, ಹೈಡ್ರೋಜನ್ ಮಾಡಿ ತೋರಿಸ್ರಿ. ಪುಸ್ತಕದಾಗ ಓದೀವಿ, ಕಣ್ಣಿಲೆ ನೋಡಿಲ್ಲ."

ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. ಮಕ್ಕಳೇ ಕಪಾಟು ತೆರೆದು ಸತುವಿನ ಚೂರು, ಸಲ್ಫ್ಯೂರಿಕ್ ಆಮ್ಲದ ಬಾಟಲಿ ತಂದಿಟ್ಟರು. ಆಮ್ಲಕ್ಕೆ ನೀರು ಹಾಕಬಾರದು, ನೀರಿಗೇ ಆಮ್ಲವನ್ನು ಹನಿಹನಿಯಾಗಿ ಹಾಕಬೇಕು ಎಂದು ಬಿ.ಎಸ್ಸಿ.ಯಲ್ಲಿ ಬರೆದು ಅಂಕ ಪಡೆದವಳೇ ಸಮತಾ. ಆದರೆ ಹೆದರಿದ ಕೈಗೆ ಬರೆದದ್ದು ನೆನಪಿರುವುದಿಲ್ಲ. ಬೀಕರಿಗೆ ಮೊದಲು ಆಮ್ಲ ಸುರಿದಳು. "ಹತ್ರ ಬಂದು ನೋಡ್ರಿ," ಎಂದು ಕರೆದಳು. ಆಮೇಲೆ ನೀರು ಹಾಕಿದಳು.

ಬೀಕರಿನ ಆಮ್ಲ ಕುದಿದು ಚಟಪಟನೆ ಸಿಡಿಯಿತು. ಗಾದೆಮ್ಮ ಚೀರಿದಳು.

ಸಮತಾ ಹುಡುಗಿಯನ್ನು ನಲ್ಲಿಯ ಹತ್ತಿರ ಎಳೆದೊಯ್ದು ನೀರು ಬಿಟ್ಟಳು. ಎಷ್ಟು ಹೊತ್ತು ತೊಳೆದಳೋ ಅವಳಿಗೇ ತಿಳಿಯದು. ಮಣಿಕಟ್ಟಿನ ಮೇಲೆ ಕಡಲೆಕಾಳಿನಷ್ಟು ಕೆಂಪಗೆ ಸುಟ್ಟಿತ್ತು. ಬೀಕರಿಗೂ ಹುಡುಗಿಯ ಮುಖಕ್ಕೂ ಒಂದು ಗೇಣು ಅಂತರವಿತ್ತು, ಅಷ್ಟೇ. ಆ ಗೇಣನ್ನು ನೆನೆದು ಸಮತಾ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು.

ಗಾದೆಮ್ಮ ಬಿಕ್ಕುತ್ತ ಹೇಳಿದಳು: "ತಪ್ಪು ನಂದ ರೀ ಮಿಸ್. ನಾನ ಬಾಳ ಬಗ್ಗಿ ನೋಡಿದೆ. ಹೆಡ್‌ಮಾಸ್ಟರ್‌ಗೆ ಹೇಳಬ್ಯಾಡ್ರಿ."

ಅವಳ ಕೈಗೆ ಮುಲಾಮು ಹಚ್ಚಿಸಿ ಆಫೀಸಿಗೆ ಬಂದಾಗ ಹಾಳೆಯ ಮೇಲೆ ಸಹಿಯೂ ಸೀಲೂ ಬಿದ್ದಿದ್ದವು. ಸಮತಾ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು.

"ಈ ಸಹಿ ಬ್ಯಾಡ್ರಿ ಸರ್."

"ತಲಿ ಕೆಟ್ಟೈತೇನು?" ಭೀಮರಾಜ ಎದ್ದ. "ಆ ಹುಡುಗಿಗೆ ಅಂಥಾದ್ದೇನೂ ಆಗಿಲ್ಲಲ್ಲ!"

"ಆಗಿಲ್ಲ ಅಣ್ಣ. ಕಣ್ಣು ಹೋಗಿದ್ರೂ ಆಕಿ 'ತಪ್ಪು ನಂದ' ಅಂತಿದ್ಲು."

ಕರಿಸಿದ್ದಪ್ಪ ಆ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. "ಇಂಥಾ ಸಹಿ ಎಷ್ಟು ಮಂದಿಗೆ ಹಾಕೀನೋ," ಎಂದು ತಮಗೆ ತಾವೇ ಅಂದುಕೊಂಡು, ತಮ್ಮ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. "ವರ್ಷ ಹೋಗ್ತತವ್ವ," ಎಂದರು.

"ಹೋಗ್ಲಿ ರೀ ಸರ್. ನಾಳಿಂದ ಬರ್ಲೇನು?"

ಅವರು ಹೂಂ ಎಂದರು. ಆದರೆ ಇನ್ನೊಂದು ಕೆಲಸ ಬಾಕಿ ಇತ್ತು. ಅದು ಸಹಿ ಬೇಡ ಎಂದದ್ದಕ್ಕಿಂತ ಕಷ್ಟದ್ದು. ಸಮತಾ ಮತ್ತೆ ತರಗತಿಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು.

"ತಪ್ಪು ಗಾದೆಮ್ಮಂದಲ್ಲ, ನಂದು. ನನಗ ಇನ್ನಾ ಕಲಿಸಾಕ ಬರಂಗಿಲ್ಲ. ನಾಳಿಂದ ನಿಮ್ಮ ಜೊತಿನ ಕೂತು, ನಿಮ್ಮ ಮೇಷ್ಟ್ರನ್ನ ನೋಡಿ ಕಲೀತೀನಿ."

ಗಾದೆಮ್ಮ ಬೆಂಚಿನ ಮೇಲೆ ಒಂದಿಷ್ಟು ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕುಳಿತಳು.