ಮೂರನೆಯ ಚರಣಕ್ಕೆ ಮುಂಚೆ

ಸ್ಟುಡಿಯೊದಲ್ಲಿ ಅವಳನ್ನು ಎಲ್ಲರೂ ಇಲಿಮರಿ ಎಂದೇ ಕರೆಯುತ್ತಿದ್ದರು. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಅವಳ ಕೆಲಸವೂ ಅಂಥದ್ದೇ. ಹಾಡಿನ ನಡುವೆ ನುಸುಳಿದ ಕೆಮ್ಮು, ಕುರ್ಚಿಯ ಕಿರುಗುಟ್ಟು, ಫ್ಯಾನಿನ ಗುಂಯ್ ಎನ್ನುವ ಸದ್ದು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹುಡುಕಿ ಒರೆಸಿಹಾಕುವುದು.

ಆ ವಾರ ಬಂದದ್ದು ಅವಳದೇ ಚರ್ಚಿನ ಹಳೆಯ ಕ್ಯಾಸೆಟ್ಟು. ಅದರಲ್ಲಿದ್ದದ್ದು ಕ್ರಿಸ್‌ಮಸ್‌ಗೆ ಅಲ್ಲಿ ತಲೆಮಾರುಗಳಿಂದ ಹಾಡುತ್ತ ಬಂದ ನಾಲ್ಕು ಚರಣದ ಕ್ಯಾರಲ್. ಎರಡು ವರ್ಷದಿಂದ ಅದನ್ನು ಯಾರೂ ಹಾಡಿರಲಿಲ್ಲ. ಮರೆತೇಹೋಗುವ ಮುಂಚೆ ಹೊಸದಾಗಿ ರೆಕಾರ್ಡ್ ಮಾಡಿಸಬೇಕೆಂದು ಹಾಡುವ ತಂಡದ ಮುಂದಾಳು ಟೀಚರಮ್ಮ ಹಠ ಹಿಡಿದಿದ್ದರು. ಹಳೆಯ ಹಾಡಿಗೆ ಡ್ರಮ್ಮು, ಗಿಟಾರು ಸೇರಿಸುವುದು, ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ತಂಡದವರು ಮತ್ತೆ ಹಾಡುವುದು. ಹಳೆಯ ದನಿ, ಹೊಸ ದನಿ ಎರಡೂ ಒಟ್ಟಿಗೆ ಕೇಳಬೇಕೆಂದು ಮಾತಾಗಿತ್ತು.

ಎರಡನೆಯ ಚರಣ ಮುಗಿದಾಗ ಇಲಿಮರಿಯ ಕೈ ನಿಂತಿತು. ಅಲ್ಲಿ ಹಾಡಿಲ್ಲ. ಹನ್ನೊಂದು ಸೆಕೆಂಡು ಬರೀ ಮರದ ನರಳಾಟ, ಕಿರ್ರ್, ಕಿರ್ರ್. ಆಮೇಲೆ ಟಕ್ ಟಕ್ ಎಂದು ಎರಡು ತಟ್ಟು. ಕೂಡಲೇ ಮೂರನೆಯ ಚರಣ.

ಅದು ಅಪ್ಪ. ಚರ್ಚಿನ ಹಳೆಯ ಆರ್ಗನ್ನಿಗೆ ತಿದಿ ಒತ್ತಿ ಗಾಳಿ ತುಂಬುವುದು ಅವಳಪ್ಪನ ಕೆಲಸವಾಗಿತ್ತು. ತಿದಿಯ ಚರ್ಮ ಹಳತಾಗಿ ಗಾಳಿ ಸೋರುತ್ತಿತ್ತು. ಈ ಹಾಡಿನಲ್ಲಂತೂ ಎರಡು ಚರಣಕ್ಕೇ ಖಾಲಿ. ಮತ್ತೆ ತುಂಬುವ ತನಕ ಎಲ್ಲರೂ ತಲೆ ತಗ್ಗಿಸಿ ಕಾಯುತ್ತಿದ್ದರು. ತುಂಬಿತೆಂದು ತಿಳಿಸಲು ಅಪ್ಪ ಮರದ ಪೆಟ್ಟಿಗೆಗೆ ಎರಡು ಸಲ ತಟ್ಟುತ್ತಿದ್ದ. ಆರ್ಗನ್ನಿನ ಹಿಂದೆ ನಿಂತವನು ಚರ್ಚಿನ ಯಾವ ಫೋಟೋದಲ್ಲೂ ಬಿದ್ದಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಆರ್ಗನ್ನಿಗೆ ಬೀಗ ಬಿತ್ತು. ಹಾಡೂ ನಿಂತಿತು.

"ಅಲ್ಲೇನೇ ಗೂಟ ಹೊಡ್ಕೊಂಡು ಕೂತಿದ್ದೀಯ?" ಎಲ್ಲರೂ ಅಣ್ಣ ಎನ್ನುವ ಸ್ಟುಡಿಯೊದ ಯಜಮಾನ ಹಿಂದಿನಿಂದ ಇಣುಕಿದ. "ಆ ಖಾಲಿ ಜಾಗ ಕತ್ತರಿಸು. ಎರಡು ಸೆಕೆಂಡು ಸುಮ್ಮನಿದ್ರೆ ಸಾಕು, ಜನ ಮುಂದಿನ ಹಾಡಿಗೆ ಹಾರ್ತಾರೆ."

ಅವಳು ಕತ್ತರಿಸಿದಳು. ಎರಡು ಚರಣಗಳು ಅಂಟಿಕೊಂಡವು, ಗಾಯದ ಗುರುತೂ ಉಳಿಯಲಿಲ್ಲ.

ಶನಿವಾರ ಬೆಳಿಗ್ಗೆ ತಂಡದ ಹತ್ತು ಜನ ಬಂದು ಗಾಜಿನಾಚೆ ನಿಂತರು. ಎರಡು ಚರಣ ಚೆನ್ನಾಗಿ ಸಾಗಿತು. ಆಮೇಲೆ ಹತ್ತೂ ಬಾಯಿ ಮುಚ್ಚಿದವು, ಹತ್ತೂ ತಲೆ ತಗ್ಗಿದವು. ಡ್ರಮ್ಮು, ಗಿಟಾರು ಅವರನ್ನು ಬಿಟ್ಟು ಮುಂದೆ ಹೋದವು.

"ಅಯ್ಯೋ, ಅಭ್ಯಾಸ," ಎಂದರು ಟೀಚರಮ್ಮ, ನಾಚಿಕೊಂಡು. "ಇನ್ನೊಂದ್ಸಲ ಹಾಕಿ."

ಮತ್ತೆ ಅದೇ. ಮೂರನೆಯ ಸಲ ಅರ್ಧ ಜನ ಹಾಡಿದರು, ಅರ್ಧ ಜನ ತಲೆ ತಗ್ಗಿಸಿದರು.

"ನಿಮ್ಮ ಕತ್ತಿಗೇನು ಸ್ಪ್ರಿಂಗ್ ಇಟ್ಟಿದ್ದಾರೇನ್ರೀ?" ಎಂದ ಅಣ್ಣ.

ತಂಡದಲ್ಲಿದ್ದ ದರ್ಜಿ ನಕ್ಕ. "ನಲವತ್ತು ವರ್ಷದ ಹೊಲಿಗೆ ಸಾರ್, ಒಂದೇ ಎಳೆತಕ್ಕೆ ಬಿಚ್ಚುತ್ತಾ?"

ಅಣ್ಣ ಗೊಣಗುತ್ತ ಅವಳ ಕಡೆ ತಿರುಗಿದ. "ಹನ್ನೊಂದು ಸೆಕೆಂಡು ಬಿಡು ಅತ್ಲಾಗೆ. ಆ ಕಿರಿಕಿರಿ ಮಾತ್ರ ಬೇಡ, ಏನೂ ಸದ್ದಿಲ್ದೆ ಇರ್ಲಿ."

ಹಾಗೇ ಮಾಡಿದಳು. ಈ ಸಲ ಮೂರನೆಯ ಚರಣವನ್ನು ಒಬ್ಬರು ಬೇಗ ಎತ್ತಿಕೊಂಡರು, ಇಬ್ಬರು ತಡವಾಗಿ. ಟೀಚರಮ್ಮ ಎತ್ತಿಕೊಳ್ಳಲೇ ಇಲ್ಲ.

"ಕಾಲಿಟ್ಟಲ್ಲಿ ಮೆಟ್ಟಿಲೇ ಇಲ್ಲದ ಹಾಗಾಗುತ್ತೆ," ಎಂದು ಅವರು ಹೆಡ್‌ಫೋನ್ ಕಳಚಿದರು. "ಬಿಡಿ, ಇದು ನಮಗಿನ್ನು ಆಗಲ್ಲ. ಬೇರೆ ಹಾಡು ಹಾಡ್ತೀವಿ."

ಇಲಿಮರಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಯಾರನ್ನೂ ಕೇಳದೆ ಕ್ಯಾಸೆಟ್ಟಿನಿಂದ ಆ ಹನ್ನೊಂದು ಸೆಕೆಂಡು ತಂದು ಮೊದಲಿನ ಜಾಗದಲ್ಲಿಟ್ಟಳು. ಮೈಕಿನ ಗುಂಡಿ ಒತ್ತಿ, "ಇನ್ನೊಂದೇ ಸಲ, ಟೀಚರಮ್ಮ," ಎಂದಳು. ಅಣ್ಣ ಬೆರಗಾಗಿ ಅವಳನ್ನೇ ನೋಡಿದ.

ಎರಡು ಚರಣ ಮುಗಿಯಿತು. ತಲೆಗಳು ತಗ್ಗಿದವು. ಕಿರ್ರ್, ಕಿರ್ರ್. ದರ್ಜಿ ಥಟ್ಟನೆ ಕಣ್ಣು ತೆರೆದ. ಟಕ್ ಟಕ್. ಹತ್ತು ಜನ ಒಂದೇ ಉಸಿರು ಎಳೆದುಕೊಂಡರು, ಮೂರನೆಯ ಚರಣ ಎದ್ದು ನಿಂತಿತು. ಟೀಚರಮ್ಮನ ಗಲ್ಲ ನಡುಗುತ್ತಿತ್ತು. ದನಿ ನಡುಗಲಿಲ್ಲ.

"ಸದ್ಯ, ಮುಗೀತಪ್ಪ," ಎಂದ ಅಣ್ಣ. "ಈಗ ಆ ಕಿರ್‌ಕಿರ್, ಟಕ್‌ಟಕ್ ಎಲ್ಲ ಒರೆಸಿಬಿಡು. ಹಾಡಿದ್ದಾಯ್ತಲ್ಲ, ಇನ್ಯಾಕದು?"

"ಒರೆಸಲ್ಲ, ಅಣ್ಣ."

"ಏನಂದೆ?"

"ಅದು ನಮ್ಮಪ್ಪ." ಅವಳ ಕಿವಿ ಉರಿಯುತ್ತಿತ್ತು. "ಮೊದಲ್ನೇ ಸಲ ಸುಮ್ನೆ ಕತ್ತರಿಸಿಬಿಟ್ಟೆ. ಇನ್ನೊಂದ್ಸಲ ನನ್ನ ಕೈಲಾಗಲ್ಲ."

ಅಣ್ಣ ಹೆಡ್‌ಫೋನ್ ಹಾಕಿಕೊಂಡು ಆ ಜಾಗ ಕೇಳಿದ. ಹಿಂದಕ್ಕೆ ತಂದು ಇನ್ನೊಮ್ಮೆ ಕೇಳಿದ. ಆಮೇಲೆ ಅವಳ ಮುಖ ನೋಡದೆ, ಮೇಜಿನ ಮೇಲಿದ್ದ ವಯರು ಸುತ್ತುತ್ತ ಹೇಳಿದ:

"ಹಾಗಾದ್ರೆ ಸ್ವಲ್ಪ ಜೋರು ಮಾಡು. ಇಷ್ಟು ಮೆಲ್ಲಗಿದ್ರೆ, ಒರೆಸೋಕೆ ಮರೆತಿದ್ದಾರೆ ಅಂತಾರೆ ಜನ."

ಅವಳು ಜೋರು ಮಾಡಿದಳು. ತುಂಬ ಅಲ್ಲ. ಚಿಕ್ಕವಳಿದ್ದಾಗ ಆರ್ಗನ್ನಿನ ಹಿಂದೆ, ಅಪ್ಪನ ಕಾಲ ಬಳಿ ಕೂತು ಕೇಳುತ್ತಿದ್ದಷ್ಟು.