ಹೊತ್ತು ಮುಳುಗಿದ ಮೇಲಿನ ಊಟ

1

ಎಲ್ಲಿಂದ ಶುರು ಮಾಡೋಣ? "ಘಟಪ್ರಭೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು" ಎಂದು ಬರೆದೆ. ಓದಲು ಚೆನ್ನಾಗಿಯೇ ಇತ್ತು. ಆದರೆ ಆ ಹೊಳೆ ಇರುವುದು ಶ್ರದ್ಧಾಳ ತವರು ಗೋಕಾಕದಲ್ಲಿ. ಕಥೆ ನಡೆಯುವುದು ಅವಳ ಗಂಡನ ಮನೆಯಲ್ಲಿ, ಹುಕ್ಕೇರಿಯಲ್ಲಿ. ಅಳಿಸಿದೆ.

(ಹೊಳೆ ಹೋಯಿತು. ಓದುಗರೇ, ಈಗ ನಮ್ಮ ಕೈಯಲ್ಲಿ ಉಳಿದದ್ದು ಒಂದು ಮೊಬೈಲ್ ಮಾತ್ರ.)

2

ಮೊಬೈಲಿನಲ್ಲಿ ಸುವರ್ಣಾ ಮೇಡಮ್. ಮೈಸೂರಿನವರು, ಆನ್‌ಲೈನ್ ಥೆರಪಿಸ್ಟ್. ಅತ್ತೆ ಇಂದುಬಾಯಿಯ ಲೆಕ್ಕದಲ್ಲಿ ತಲೆನೋವಿನ ಡಾಕ್ಟರು. ತಲೆನೋವೂ ಇತ್ತು, ಸುಳ್ಳಲ್ಲ. ಶ್ರದ್ಧಾಳಿಗೆ ನಿದ್ದೆ ಹತ್ತುತ್ತಿರಲಿಲ್ಲ, ಗಂಡ ಅಜಿತನ ಬೈಕಿನ ಸದ್ದು ಕೇಳಿದರೆ ಎದೆ ಡವಡವ ಅನ್ನುತ್ತಿತ್ತು. ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಅವಳೊಂದಿಗೆ ಮಾತೇ ಆಡುತ್ತಿರಲಿಲ್ಲ. ಏನಿದ್ದರೂ ತಾಯಿಯ ಮೂಲಕ.

"ಆಯಿ, ಆಕಿಗೆ ಹೇಳ, ಡಬ್ಬಿ ಲಗೂನ ಕಳಸು ಅಂತ."

ಆಕೆ ಅಲ್ಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ದೀಪಾವಳಿಯೊಳಗೆ ಈ ಮನುಷ್ಯ ತನ್ನ ಮುಖ ನೋಡಿ ಒಂದು ಮಾತು ಆಡದಿದ್ದರೆ ತವರಿಗೆ ಹೋಗುವುದು, ತಿರುಗಿ ಬರದಿರುವುದು ಎಂದು ನಿಶ್ಚಯ ಮಾಡಿದ್ದಳು. ಇದನ್ನು ಮೇಡಮ್ಮಿಗೆ ಮಾತ್ರ ಹೇಳಿದ್ದಳು. (ಈಗ ನಿಮಗೂ ಗೊತ್ತಾಯಿತು. ಗುಟ್ಟು ಕಥೆಗಾರರ ಕೈಗೆ ಸಿಕ್ಕರೆ ಇಷ್ಟೇ.)

3

"ದಿನಾ ರಾತ್ರಿ ಊಟಕ್ಕೆ ಇಬ್ಬರೂ ಜೊತೆಗೆ ಕೂತ್ಕೊಳ್ಳಿ. ಟಿವಿ ಬೇಡ, ಫೋನ್ ಬೇಡ. ಇದು ನಿಮ್ಮ ಹೋಮ್‌ವರ್ಕ್," ಅಂದರು ಮೇಡಮ್.

"ಆತ್ರಿ," ಅಂದಳು ಶ್ರದ್ಧಾ.

ಆಗುವ ಮಾತಲ್ಲ. ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗಿಡುವುದಿಲ್ಲ. ಸಂಜೆ ಅಜಿತ ಸಂಕೇಶ್ವರದ ತನ್ನ ಪೈಪಿನ ಅಂಗಡಿಯಲ್ಲೇ ಡಬ್ಬಿ ಬಿಚ್ಚಿ ಉಣ್ಣುತ್ತಾನೆ, ಇವಳು ಇಲ್ಲಿ ಅತ್ತೆಯೊಂದಿಗೆ. ಅವನು ಬರುವ ಹೊತ್ತಿಗೆ ಪಾತ್ರೆ ತಿಕ್ಕಿ ಆಗಿರುತ್ತದೆ. ಇಷ್ಟನ್ನು ಹೇಳಬಹುದಿತ್ತು. ಆದರೆ ಡಾಕ್ಟರು ಕೊಟ್ಟ ಗುಳಿಗೆಯನ್ನು ಬೇಡವೆನ್ನುವ ರೂಢಿ ಅವಳಿಗಿಲ್ಲ.

ಮುಂದಿನ ವಾರ ಮೇಡಮ್ ವಿಚಾರಿಸಿದರು. ಶ್ರದ್ಧಾ ಇಲ್ಲದ ಊಟವೊಂದನ್ನು ಕಟ್ಟಿ ಹೇಳಿದಳು. ಅಜಿತ ಹಸಿ ಉಳ್ಳಾಗಡ್ಡಿ ಕಚ್ಚಿಕೊಳ್ಳುತ್ತ, ಪಲ್ಯ ಚೆನ್ನಾಗಿದೆ ಅಂದನಂತೆ...

"ಏನ್ರಿ ಕಥಿ ಬರಿಯೋರ, ನಮ್ಮ ಮನ್ಯಾಗ ಉಳ್ಳಾಗಡ್ಡಿ ಎಲ್ಲಿಂದ ಬಂತು?" ಶ್ರದ್ಧಾ ನನ್ನನ್ನೇ ತಡೆದಳು.

ತಪ್ಪಾಯಿತು, ಜೈನರು ಈರುಳ್ಳಿ ತಿನ್ನುವುದಿಲ್ಲ. ಬರೀ ಹೆಸರುಕಾಳಿನ ಪಲ್ಯ.

"ಮಡಕಿಕಾಳು. ಸುಳ್ಳು ಹೇಳಿದಾಕಿ ನಾನು, ನನಗ ಗೊತ್ತಿರೂದಿಲ್ಲೇನು?"

ಮಡಕಿಕಾಳಿನ ಪಲ್ಯ. ವಾರ ವಾರ ಆ ಊಟದ ರುಚಿ ಏರಿತು. ಅಜಿತ ಅಂಗಡಿಯ ಸುದ್ದಿ ಹೇಳಿದ, ನಕ್ಕ, ಒಮ್ಮೆ ಅವಳ ತಾಟಿಗೆ ತಾನೇ ತುಪ್ಪ ಹಾಕಿದ. ಮೇಡಮ್ "ವಂಡರ್‌ಫುಲ್" ಅಂದರು. ನನಗೆ ಹೊಟ್ಟೆಯುರಿ, ನನ್ನ ಪಾತ್ರವೇ ನನಗಿಂತ ಚೆನ್ನಾಗಿ ಕಥೆ ಕಟ್ಟುತ್ತಿದೆ. ಆದರೆ ಕಾಲ್ ಮುಗಿದ ಮೇಲೆ ಅವಳು ಅಡುಗೆಮನೆಗೆ ಹೋಗಿ ಅಳುತ್ತಿದ್ದಳು. ಆ ತುಪ್ಪ ಅವಳಿಗೆ ನಿಜವಾಗಿಯೂ ಬೇಕಾಗಿತ್ತು.

4

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಇದು ಮೈಸೂರಿನವರೆಗೆ ಹೋಗಿ ಬಂತು. "ಮುಂದಿನ ಸೆಷನ್‌ಗೆ ಅಜಿತ್ ಅವರನ್ನೂ ಕೂರಿಸಿ," ಅಂದರು ಮೇಡಮ್. ಅತ್ತೆಯ ಮೂಲಕ ಸುದ್ದಿ ಹೋಯಿತು, ಅತ್ತೆಯ ಮೂಲಕವೇ ಒಪ್ಪಿಗೆ ಬಂತು. ದೀಪಾವಳಿಗೆ ಇನ್ನೊಂದು ವಾರ ಇರುವಾಗ, ಅಂಗಡಿಗೆ ಸೂಟಿ ಇದ್ದ ದಿನ ಗಂಡಹೆಂಡತಿ ಪಡಸಾಲೆಯ ಮಂಚದ ಮೇಲೆ ಕೂತರು, ನಡುವೆ ಒಂದು ತಲೆದಿಂಬು. ಇಂದುಬಾಯಿ ಕೆಳಗೆ ಕೂತು ಅಕ್ಕಿ ಹಸನು ಮಾಡುತ್ತಿದ್ದರು.

"ಅಜಿತ್ ಅವರೇ, ರಾತ್ರಿ ಊಟ ಹೇಗೆ ನಡೀತಿದೆ? ಶ್ರದ್ಧಾ ಎಲ್ಲಾ ಹೇಳಿದ್ದಾರೆ."

ಮುಕ್ತಾಯ (ಅ): "ಯಾವ ಊಟಾರೀ? ಹೊತ್ತು ಮುಣಗಿದ ಮ್ಯಾಲ ನಾವು ಉಣ್ಣಂಗಿಲ್ಲ." ಸುಳ್ಳು ಬಯಲು. ಶ್ರದ್ಧಾ ಗೋಕಾಕದ ಬಸ್ಸು ಹತ್ತುತ್ತಾಳೆ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ.

ಮುಕ್ತಾಯ (ಆ): "ಚಲೋ ನಡದೈತ್ರಿ," ಎಂದು ಅಜಿತ ಹೆಂಡತಿಯ ಮಾನ ಕಾಯುತ್ತಾನೆ. ಮೇಡಮ್ ಖುಷಿ, ಸಂಪಾದಕರೂ ಖುಷಿ.

"ಅವರಿಗೆ ಅಷ್ಟ ತಿಳೀತಿದ್ದರ ನನಗ ಮೇಡಮ್ ಯಾಕ ಬೇಕಾಗಿದ್ದರು?" ಅನ್ನುತ್ತಾಳೆ ಶ್ರದ್ಧಾ. ಎರಡನ್ನೂ ಹರಿದು ಹಾಕಿದೆ.

ನಡೆದದ್ದು ಇಷ್ಟು. ಅಜಿತ ಕಕ್ಕಾಬಿಕ್ಕಿಯಾಗಿ, ರೂಢಿಯಂತೆ, ತಾಯಿಯ ಕಡೆ ಬಗ್ಗಿದ.

"ಆಯಿ, ಆಕಿನ್ನ ಕೇಳ, ಯಾವ ಊಟ ಅಂತ."

ಇಂದುಬಾಯಿ ಅಕ್ಕಿಯಿಂದ ಕಣ್ಣು ಎತ್ತಲಿಲ್ಲ. "ಬಾಜೂಕ ಕುಂತಾಳ. ನೀನ ಕೇಳ."

ಅಜಿತ ದಿಂಬಿನ ಅಂಚು ತಿರುವಿದ, ಕೆಮ್ಮಿದ, ಆಮೇಲೆ ಹೆಂಡತಿಯ ಮುಖ ನೋಡಿದ.

"ಯಾವ ಊಟ, ಶ್ರದ್ಧಾ?"

5

ಅವಳ ಉತ್ತರಕ್ಕೆ ನಾನು ಮೂರು ಕರಡು ಮಾಡಿಟ್ಟಿದ್ದೆ. ಒಂದರಲ್ಲಿ ಅಳುತ್ತಾಳೆ, ಇನ್ನೊಂದರಲ್ಲಿ ನಗುತ್ತಾಳೆ, ಮತ್ತೊಂದರಲ್ಲಿ...

"ನಿಮ್ಮ ಕಡೇನ ಇಟಗೋರಿ," ಅಂದಳು ಶ್ರದ್ಧಾ ನನಗೆ. "ಅವರು ಕೇಳಿದ್ದು ನನ್ನ."

ಮೊಬೈಲನ್ನು ಮಂಚದ ಮೇಲೆ ಬೋರಲು ಹಾಕಿದಳು. ಮೇಡಮ್ಮಿಗೆ ಈಗ ಬರೀ ಕತ್ತಲೆ ಕಾಣುತ್ತಿದೆ, ನಮಗೂ ಅಷ್ಟೇ. ಶ್ರದ್ಧಾ ಏನೋ ಹೇಳುತ್ತಿದ್ದಾಳೆ, ಅಜಿತ ನಡುನಡುವೆ ಹೂಂ ಅನ್ನುತ್ತಿದ್ದಾನೆ. ಏನೆಂದು ನನ್ನನ್ನು ಕೇಳಬೇಡಿ, ಅದು ನನಗೆ ಹೇಳಿದ್ದಲ್ಲ.