ಆರನೆಯ ಬೆರಳು

ಶಾಲೆಯ ಗೇಟಿನ ಪಕ್ಕದ ಗೋಡೆ ಮೊದಲಿನಿಂದಲೂ ಡ್ರಾಯಿಂಗ್ ಮೇಷ್ಟ್ರ ಚಿತ್ರಗಳಿಗೇ ಮೀಸಲು. ಈ ಸಲ ಅಲ್ಲಿ ಕಂಪ್ಯೂಟರ್ ಟೀಚರ್ ತಮ್ಮ ತರಗತಿಯ ಮಕ್ಕಳು ಎಐಗೆ ಹೇಳಿ ಮಾಡಿಸಿದ ಚಿತ್ರಗಳನ್ನು ಅಂಟಿಸಿದರು. ಆನ್‌ಲೈನಿನಲ್ಲಿ ಯಾರನ್ನೂ ನೋಯಿಸಬಾರದು ಎನ್ನುವುದು ವಿಷಯ. ಮೇಷ್ಟ್ರಿಗೆ ಹೊಟ್ಟೆ ಉರಿಯಿತು. ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಚಿತ್ರದ ಕೆಳಗೆ ಬರೆದೇಬಿಟ್ಟರು: "ಕೈಗೆ ಆರು ಬೆರಳು! ಇದನ್ನೂ ಚಿತ್ರ ಅಂತಾರಾ?"

ಅದನ್ನು ಮಾಡಿಸಿದ ಹುಡುಗಿ ಕೂಡಲೇ ಉತ್ತರಿಸಿದಳು: "ಹೌದಲ್ವಾ ಸರ್, ನಾನು ನೋಡೇ ಇರಲಿಲ್ಲ. ಕೈ ಬರೆಯೋದು ನೀವು ಹೇಳಿಕೊಡ್ತೀರಾ?"

ಮೇಷ್ಟ್ರು ಮೆತ್ತಗಾದರು. "ಬಾರಮ್ಮ" ಎಂದು ಟೈಪು ಮಾಡುವಷ್ಟರಲ್ಲಿ ಹೆಡ್‌ಮೇಡಂ ಬರೆದರು: "ನೋಡಿ ಮೇಷ್ಟ್ರೇ, ನೀವು ಚುಚ್ಚಿದ್ರೂ ಎಷ್ಟು ನಯವಾಗಿ ಮಾತಾಡ್ತಾಳೆ! ಕಂಪ್ಯೂಟರ್ ಟೀಚರ್ ಚೆನ್ನಾಗಿ ಕಲಿಸಿದ್ದಾರೆ."

ಮೇಷ್ಟ್ರು "ಬಾರಮ್ಮ" ಅಳಿಸಿದರು. ಅದರ ಜಾಗದಲ್ಲಿ ಬರೆದರು: "ಹಾಗಾದ್ರೆ ಬೆರಳು ಎಣಿಸೋದನ್ನೂ ಅವರೇ ಕಲಿಸಲಿ."